ಏಳೂವರೆಗೆ ತೆರೆಯುವ ಕೋಣೆ

ಕುಡಿತ ಬಿಟ್ಟವರು ಸೇರುವ ಗುಂಪಿನ ಬಗ್ಗೆ ವಿಮರ್ಶೆ ಬರೆಯುವುದರಲ್ಲಿ ಒಂದು ತೊಡಕಿದೆ. ದೋಸೆಯ ಹೋಟೆಲಿನ ಬಗ್ಗೆ ಬರೆಯುವವರು ವಿಳಾಸ ಕೊಡುತ್ತಾರೆ, ತಮ್ಮ ಹೆಸರನ್ನೂ ಹಾಕಿಕೊಳ್ಳುತ್ತಾರೆ. ನಾನು ಎರಡನ್ನೂ ಮಾಡುವಂತಿಲ್ಲ, ಏಕೆಂದರೆ ಅಲ್ಲಿಗೆ ಬರುವವರೆಲ್ಲ ತಮ್ಮ ಗುರುತು ಆ ಬಾಗಿಲಿನಿಂದ ಆಚೆ ಹೋಗುವುದಿಲ್ಲ ಎಂಬ ಭರವಸೆಯ ಮೇಲೆ ಬಂದವರು. ಆದರೂ ಬರೆಯಲು ಕಾರಣವಿದೆ. ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಏಳು ತಿಂಗಳ ಅವಧಿಯಲ್ಲಿ ಎರಡು ಕಡೆಯಿಂದ ಹಿಂತಿರುಗಿ ಬಂದು ಮೂರನೆಯ ಕಡೆ ನೆಲೆ ನಿಂತವನು ನಾನು. ಆ ಏಳು ತಿಂಗಳಲ್ಲಿ ಯಾವುದನ್ನು ನೋಡಿ ಗುಂಪು ಆರಿಸಬೇಕೆಂದು ಯಾರಾದರೂ ತಿಳಿಸಿ ಹೇಳಿದ್ದರೆ ನನ್ನ ಮನೆಯವರಿಗೆ ಅಷ್ಟೂ ತಿಂಗಳ ಸಂಕಟ ತಪ್ಪುತ್ತಿತ್ತು.

ಹುಡುಕಾಟ ಎಲ್ಲರಂತೆ ಮೊಬೈಲಿನಲ್ಲೇ ಶುರುವಾಯಿತು. ಹತ್ತಿರದಲ್ಲಿರುವ ವ್ಯಸನಮುಕ್ತಿ ಕೇಂದ್ರಗಳು ಎಂದು ಹುಡುಕಿದರೆ ನಕ್ಷೆಯ ತುಂಬ ಕೆಂಪು ಚುಕ್ಕೆಗಳು ಬಂದವು, ಪ್ರತಿ ಚುಕ್ಕೆಯ ಕೆಳಗೂ ನಾಲ್ಕೂವರೆ, ಐದು ನಕ್ಷತ್ರಗಳು. ಆ ಅಭಿಪ್ರಾಯಗಳನ್ನು ನಿಧಾನವಾಗಿ ಓದಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ: ಬಹುಪಾಲು ಬರೆದವರು ಅಣ್ಣ, ಅಪ್ಪ, ಭಾವಮೈದ. ಅಂದರೆ ಮನೆಯ ಗಲಾಟೆಯನ್ನು ಒಂದು ತಿಂಗಳ ಮಟ್ಟಿಗೆ ಬೇರೆಯವರ ಕೈಗೆ ಒಪ್ಪಿಸಿ ಆ ರಾತ್ರಿ ಮೊದಲ ಬಾರಿಗೆ ನೆಮ್ಮದಿಯಾಗಿ ಮಲಗಿದವರು. ಅವರ ಕೃತಜ್ಞತೆ ಸುಳ್ಳಲ್ಲ. ಆದರೆ ಒಳಗಿದ್ದವನು ಹೊರಗೆ ಬಂದ ಮೂರನೆಯ ತಿಂಗಳ ಶನಿವಾರ ಸಂಜೆ ಏನು ಮಾಡಿದ ಎಂಬುದನ್ನು ಯಾರೂ ಬರೆದಿರುವುದಿಲ್ಲ, ಮತ್ತು ಗುಂಪು ಬೇಕಾಗುವುದು ಸರಿಯಾಗಿ ಆ ಶನಿವಾರಕ್ಕೆ.

ಗುಂಪಿನ ಮಾತಿಗೆ ಮೊದಲು ವೈದ್ಯರ ಮಾತು. ವರ್ಷಗಟ್ಟಲೆ ಪ್ರತಿದಿನ ಕುಡಿದವರು ಒಂದು ಬೆಳಿಗ್ಗೆ ಶಪಥ ಮಾಡಿ ಪೂರ್ತಿ ನಿಲ್ಲಿಸಿಬಿಟ್ಟರೆ ಅದು ಪೌರುಷದ ಕೆಲಸವಾಗುವುದಿಲ್ಲ, ಅಪಾಯದ ಕೆಲಸವಾಗುತ್ತದೆ. ಆರು ಗಂಟೆಗಳೊಳಗೇ ಕೈ ನಡುಕ, ಬೆವರು ಶುರುವಾಗಬಹುದು, ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು, ಎರಡು ಮೂರನೆಯ ದಿನಕ್ಕೆ ಇಲ್ಲದ್ದು ಕಾಣುವ, ಹಗಲು ರಾತ್ರಿಯ ಪರಿವೆ ತಪ್ಪುವ ಸ್ಥಿತಿಗೆ ಹೋಗಬಹುದು. ಚಿಕಿತ್ಸೆ ಸಿಗದಿದ್ದರೆ ಅದರಿಂದ ಜೀವ ಹೋಗುವುದೂ ಉಂಟು. ನನಗೆ ಎರಡನೆಯ ರಾತ್ರಿ ಗೋಡೆಯ ಮೇಲೆ ಇರುವೆಗಳ ಸಾಲು ಕಂಡಿತು, ಅವು ನನ್ನ ಹೆಸರು ಬರೆಯುತ್ತಿದ್ದವು. ಹೆಂಡತಿ ಆಟೊ ಕರೆಸಿ ಆಸ್ಪತ್ರೆಗೆ ಸೇರಿಸಿದಳು. ಅಲ್ಲಿ ಥಯಾಮಿನ್ ಎಂಬ ಬಿ1 ಜೀವಸತ್ವದ ಚುಚ್ಚುಮದ್ದು, ದಿನದಿಂದ ದಿನಕ್ಕೆ ಕಡಿಮೆ ಮಾಡುತ್ತ ಹೋದ ಮಾತ್ರೆ, ಎಂಟು ದಿನ. ಯಾವ ಗುಂಪೂ ಈ ಎಂಟು ದಿನಗಳಿಗೆ ಬದಲಿಯಲ್ಲ, ಮತ್ತು ಒಳ್ಳೆಯ ಗುಂಪಿನವರು ಹೊಸಬನ ಕೈ ನೋಡಿದ ಕೂಡಲೇ ಮೊದಲು ಕೇಳುವುದು ಡಾಕ್ಟರನ್ನು ಕಂಡಿರಾ ಎಂದೇ. ಬೆಂಗಳೂರಿನವರಿಗೆ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ, ಧಾರವಾಡದ ಕಡೆಯವರಿಗೆ ಡಿಮ್ಹಾನ್ಸ್ ಇದೆ. ಎಲ್ಲಿಂದ ಶುರು ಮಾಡಬೇಕೆಂದೇ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446.

ನಾನು ಮೊದಲು ಹೋದದ್ದು ಒಂದು ಖಾಸಗಿ ಕೇಂದ್ರದವರು ಭಾನುವಾರ ಬೆಳಿಗ್ಗೆ ನಡೆಸುತ್ತಿದ್ದ ಗುಂಪಿಗೆ. ಹೆಸರು ಬೇಡ. ಬಿಳಿ ಟೈಲ್ಸಿನ ಹಾಲ್, ಮುಂದೆ ಮೈಕು, ಹಿಂದೆ ಸಿಗರೇಟಿನಿಂದ ಕಪ್ಪಾದ ಶ್ವಾಸಕೋಶದ ಚಿತ್ರ. ಒಂದೂವರೆ ಗಂಟೆ ಒಬ್ಬರೇ ಮಾತಾಡಿದರು: ಯಕೃತ್ತು ಹೇಗೆ ಕೊಳೆಯುತ್ತದೆ, ಸಂಸಾರ ಹೇಗೆ ಬೀದಿಗೆ ಬರುತ್ತದೆ ಎಂದು. ಎಲ್ಲವೂ ನಿಜವೇ, ಆದರೆ ಅಲ್ಲಿ ಕೂತ ಮೂವತ್ತು ಜನರಲ್ಲಿ ಅದು ಗೊತ್ತಿಲ್ಲದವರು ಒಬ್ಬರೂ ಇರಲಿಲ್ಲ. ಕೊನೆಗೆ ಆ ವಾರ ಕುಡಿದವರು ಎದ್ದು ನಿಲ್ಲಿ ಎಂದರು. ಎದುರು ಸಾಲಿನಲ್ಲಿದ್ದ, ನನ್ನಪ್ಪನ ವಯಸ್ಸಿನ ಒಬ್ಬರು ಎದ್ದು ನಿಂತರು, ಉಳಿದವರಿಂದ ಅವರಿಗೆ ‘ನಾಚಿಕೆಯಾಗಬೇಕು’ ಎಂದು ಒಕ್ಕೊರಲಿನಲ್ಲಿ ಹೇಳಿಸಲಾಯಿತು. ಮುಂದಿನ ಭಾನುವಾರ ಅವರು ಬರಲಿಲ್ಲ. ಅದರ ಮುಂದಿನ ವಾರ ನಾನು ಕುಡಿದಿದ್ದೆ, ಹಾಗಾಗಿ ನಾನೂ ಹೋಗಲಿಲ್ಲ. ಬಿದ್ದವನು ಬರಲಾಗದ ಗುಂಪು ಬೀಳದವರಿಗೆ ಮಾತ್ರ ಉಪಯೋಗಕ್ಕೆ ಬರುತ್ತದೆ, ಅಂಥವರಿಗೆ ಗುಂಪೇ ಬೇಕಿಲ್ಲ. ಅಂದಹಾಗೆ, ಒಳರೋಗಿಯಾಗಿ ಸೇರಿಸಿಕೊಳ್ಳುವ ಯಾವುದೇ ಕೇಂದ್ರಕ್ಕೆ ಹಣ ಕಟ್ಟುವ ಮುನ್ನ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಅದು ನೋಂದಣಿಯಾಗಿದೆಯೇ ಎಂದು ಕೇಳಿ, ಪತ್ರವನ್ನು ಕಣ್ಣಾರೆ ನೋಡಿ. ಮದ್ಯವ್ಯಸನಕ್ಕೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳೂ ಆ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ, ರೋಗಿಯ ಘನತೆಯೂ ಬರುತ್ತದೆ.

ಎರಡನೆಯದು ಆಲ್ಕೊಹಾಲಿಕ್ಸ್ ಅನಾನಿಮಸ್‌ನ, ಜನರ ಬಾಯಲ್ಲಿ ಎಎ ಎನಿಸಿಕೊಂಡಿರುವ ಸಂಘದ, ಇಂಗ್ಲಿಷಿನಲ್ಲಿ ನಡೆಯುವ ಒಂದು ಸಭೆ. ಅಲ್ಲಿಯವರ ಬಗ್ಗೆ ನನ್ನದು ಒಂದು ದೂರೂ ಇಲ್ಲ. ತಪ್ಪಿದ್ದರೆ ಅದು ನನ್ನ ನಾಲಿಗೆಯದು. ಕಚೇರಿಯಲ್ಲಿ ದಿನವಿಡೀ ಇಂಗ್ಲಿಷಿನಲ್ಲಿ ಪತ್ರ ಬರೆಯುವವನು ನಾನು, ಅರ್ಥವಾಗದ ಪ್ರಶ್ನೆಯೇ ಇರಲಿಲ್ಲ. ಆದರೆ ನನ್ನ ಸರದಿ ಬಂದಾಗ ನಾನು ಆಡಿದ ಮಾತುಗಳು ಕಚೇರಿಯ ಟಿಪ್ಪಣಿಯಂತೆ ಬಂದವು. ಮಗಳ ನಾಮಕರಣದ ದಿನ ಅಡುಗೆಯವರಿಗೆ ಕೊಡಬೇಕಾಗಿದ್ದ ಮುಂಗಡದಲ್ಲಿ ಕ್ವಾರ್ಟರ್ ತಂದು ಹಿತ್ತಿಲಿನ ನೀರೊಲೆಯ ಹಿಂದೆ ಕೂತು ಮುಗಿಸಿದ್ದನ್ನು, ಮೈಗೆ ಹೊಗೆಯ ವಾಸನೆ ಹತ್ತಿದ್ದರಿಂದ ಬಾಯಿಯ ವಾಸನೆ ಯಾರಿಗೂ ತಿಳಿಯಲಿಲ್ಲವೆಂದು ಖುಷಿಪಟ್ಟಿದ್ದನ್ನು ಇಂಗ್ಲಿಷಿನಲ್ಲಿ ಹೇಳಿದರೆ ಅದು ಬೇರೆ ಯಾರದೋ ಕಥೆಯಾಗಿ, ನಾನು ಆರಾಮಾಗಿ ಮನೆಗೆ ಬರುತ್ತಿದ್ದೆ. ನಾಚಿಕೆಯಾಗದೆ ಹೇಳಬಹುದಾದ ಭಾಷೆಯಲ್ಲಿ ಹೇಳಿದ್ದರಿಂದ ಒಳಗಿನದು ಒಳಗೇ ಉಳಿಯಿತು. ಇಂಗ್ಲಿಷಿನಲ್ಲೇ ಬೆಳೆದವರಿಗೆ ಇದು ಸರಿಯಾಗಿ ತಿರುಗುಮುರುಗಾಗಬಹುದು, ಅವರಿಗೆ ಆ ಸಭೆಯೇ ಸರಿ.

ಮೂರನೆಯ ಕಡೆಗೆ ನಾನಾಗಿ ಹೋಗಲಿಲ್ಲ. ಎರಡನೆಯ ಬಾರಿ ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನ ಆಪ್ತಸಮಾಲೋಚಕಿಯೊಬ್ಬರು ಚೀಟಿ ಬರೆದುಕೊಡುವ ಬದಲು ನನ್ನೆದುರಿಗೇ ಎಎಯ ಕನ್ನಡ ಗುಂಪಿನವರಿಗೆ ಫೋನ್ ಹಚ್ಚಿ, ನನ್ನ ಒಪ್ಪಿಗೆ ಕೇಳಿ, ರಿಸೀವರನ್ನು ನನ್ನ ಕೈಗೆ ಕೊಟ್ಟರು. ಆ ಕಡೆಯ ದನಿ ‘ಇವತ್ತು ಸಾಯಂಕಾಲ ನಾನೇ ಬಸ್‌ಸ್ಟಾಪ್ ಹತ್ರ ಇರ್ತೀನಿ ಸರ್, ನೀಲಿ ಶರ್ಟು’ ಎಂದಿತು. ಈ ಒಂದು ಕರೆಗೆ ಎಷ್ಟು ಬೆಲೆಯಿದೆ ಎಂದು ನನಗೆ ತಿಳಿದದ್ದು ಆಮೇಲೆ. ಚಿಕಿತ್ಸೆಗಳ ಬಗೆಗಿನ ಸಂಶೋಧನೆಗಳನ್ನು ತೂಗಿ ನೋಡುವ ಕೊಕ್ರೇನ್ ಎಂಬ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಪರಿಶೀಲನೆ 27 ಅಧ್ಯಯನಗಳನ್ನು, ಒಟ್ಟು 10,565 ಜನರ ಮಾಹಿತಿಯನ್ನು ಜೋಡಿಸಿ ನೋಡಿತ್ತು. ಪೂರ್ತಿ ಕುಡಿಯದೆ ಉಳಿಯುವ ವಿಷಯದಲ್ಲಿ, ರೋಗಿಗಳನ್ನು ಎಎಗೆ ಕ್ರಮವಾಗಿ ಜೋಡಿಸುವ ಚಿಕಿತ್ಸೆಯು ಬೇರೆ ಮಾನ್ಯ ಮನೋಚಿಕಿತ್ಸೆಗಳಿಗಿಂತ ಹೆಚ್ಚು ಫಲ ಕೊಟ್ಟಿತೆಂಬುದು ಅದರ ನಿರ್ಣಯ. ಅಲ್ಲಿ ‘ಜೋಡಿಸುವ’ ಎಂಬ ಪದದ ಮೇಲೆ ನನ್ನ ಒತ್ತು. ವಿಳಾಸ ಕೊಟ್ಟು ಕಳಿಸಿದರೆ ಕುಡುಕ ಆ ವಿಳಾಸದವರೆಗೂ ಹೋಗಿ ಎದುರಿನ ಅಂಗಡಿಗೆ ನುಗ್ಗುತ್ತಾನೆ. ನಾನು ಹಾಗೆ ಮಾಡಿದ್ದೇನೆ.

ನೀಲಿ ಶರ್ಟಿನವರು ಕರೆದುಕೊಂಡು ಹೋದದ್ದು ಒಂದು ಚರ್ಚಿಗೆ ಸೇರಿದ ಶಾಲೆಯ ಎರಡನೆಯ ತರಗತಿಯ ಕೋಣೆಗೆ. ಗೋಡೆಯ ಮೇಲೆ ವರ್ಣಮಾಲೆ, ಮಕ್ಕಳ ಗಿಡ್ಡ ಬೆಂಚುಗಳನ್ನು ಪಕ್ಕಕ್ಕೆ ಸರಿಸಿ ಹಾಕಿದ ಹದಿನೈದು ಪ್ಲಾಸ್ಟಿಕ್ ಕುರ್ಚಿಗಳು. ಚರ್ಚಿನ ಆವರಣವೆಂದು ಯಾರೂ ಅನುಮಾನ ಪಡಬೇಕಿಲ್ಲ, ಜಾಗ ಮಾತ್ರ ಅವರದು. ಬಂದವರಲ್ಲಿ ಒಬ್ಬರ ಹಣೆಯಲ್ಲಿ ವಿಭೂತಿ, ಇನ್ನೊಬ್ಬರು ನಮಾಜು ಮುಗಿಸಿ ಟೋಪಿ ಮಡಚಿ ಜೇಬಿಗಿಟ್ಟುಕೊಳ್ಳುತ್ತಿದ್ದರು. ಬಾಗಿಲಲ್ಲೇ ಒಬ್ಬ ಹಿರಿಯರು ಸ್ಟೀಲ್ ಲೋಟದಲ್ಲಿ ಟೀ ಕೊಟ್ಟರು. ಬೇರೆಯವರಿಗೆಲ್ಲ ಅಂಚಿನವರೆಗೆ, ನನಗೆ ಮಾತ್ರ ಅರ್ಧ ಲೋಟ. ಹೊಸಬನೆಂದು ತಾತ್ಸಾರ ಮಾಡಿದರೆಂದು ಒಳಗೊಳಗೇ ಉರಿದುಕೊಂಡೆ. ಕುರ್ಚಿಗೆ ಹೋಗುವಷ್ಟರಲ್ಲಿ ಆ ಅರ್ಧ ಲೋಟದ ಟೀ ಕೂಡ ನನ್ನ ನಡುಗುವ ಕೈಯಲ್ಲಿ ಅಂಚಿನವರೆಗೆ ಬಂದು ಬಂದು ಹೋಗುತ್ತಿತ್ತು, ಚೆಲ್ಲಲಿಲ್ಲ. ನಾಲ್ಕನೆಯ ವಾರ ಮುಕ್ಕಾಲು ಲೋಟ ಸಿಕ್ಕಿತು.

ಸಭೆ ಏಳೂವರೆಗೆ ಶುರುವಾಗಿ ಒಂಬತ್ತಕ್ಕೆ ಮುಗಿಯುತ್ತದೆ. ನನ್ನ ಮಟ್ಟಿಗೆ ಈ ಗುಂಪಿನ ಅತಿ ದೊಡ್ಡ ಗುಣ ಇದೇ ವೇಳೆ. ಹದಿನಾರು ವರ್ಷ ನಾನು ಬಾರಿನ ಮೆಟ್ಟಿಲು ಹತ್ತಿದ್ದು ಏಳೂಕಾಲಿಗೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕುಡಿಯದೆ ಕೂರುವುದು ನನಗೆ ಯಾವತ್ತೂ ಕಷ್ಟವಿರಲಿಲ್ಲ. ಕಚೇರಿ ಬಿಟ್ಟು ಮನೆ ಸೇರುವ ನಡುವಿನ ಆ ಎರಡು ಗಂಟೆಯನ್ನು ಎಲ್ಲಿಡಬೇಕೆಂಬುದೇ ತೊಂದರೆ. ಆದ್ದರಿಂದ ಗುಂಪು ಹುಡುಕುವವರು ಮನೆಯಿಂದ ಎಷ್ಟು ಕಿಲೋಮೀಟರ್ ಎಂದು ಅಳೆಯುವುದಕ್ಕಿಂತ, ತಾವು ಕುಡಿಯುತ್ತಿದ್ದ ಹೊತ್ತಿಗೆ ಆ ಬಾಗಿಲು ತೆರೆದಿರುತ್ತದೆಯೇ ಎಂದು ಮೊದಲು ಕೇಳಬೇಕು. ನಮ್ಮದು ವಾರಕ್ಕೆ ಮೂರು ದಿನ. ಉಳಿದ ದಿನಗಳಿಗೆ ಬಸ್ಸಿನ ದಾರಿಯಲ್ಲೇ ಸಿಗುವ ಇನ್ನೆರಡು ಗುಂಪುಗಳಿವೆ.

ಒಳಗೆ ನಡೆಯುವುದು ಸರಳ. ಒಬ್ಬರು ಆ ದಿನದ ಸಭೆ ನಡೆಸುತ್ತಾರೆ, ಅಧ್ಯಕ್ಷರೆಂಬ ಖಾಯಂ ಹುದ್ದೆಯಿಲ್ಲ. ಕುಡಿತದಿಂದ ಹೊರಬರಲು ಎಎ ಹಾಕಿಕೊಟ್ಟಿರುವ ಹನ್ನೆರಡು ಹೆಜ್ಜೆಗಳಲ್ಲಿ ಒಂದನ್ನು ಓದುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ತಮ್ಮ ಹೆಸರು ಹೇಳಿ, ಬೇಕಾದಷ್ಟು ಮಾತಾಡುತ್ತಾರೆ. ಇದಕ್ಕೆ ಶೇರಿಂಗ್ ಎಂಬುದೇ ಎಲ್ಲರ ಬಾಯಲ್ಲಿರುವ ಹೆಸರು. ನಡುವೆ ಬಾಯಿ ಹಾಕುವಂತಿಲ್ಲ, ಬುದ್ಧಿ ಹೇಳುವಂತಿಲ್ಲ, ಮಾತಾಡಲು ಮನಸ್ಸಿಲ್ಲದಿದ್ದರೆ ‘ಇವತ್ತು ಕೇಳ್ತೀನಿ’ ಎಂದರೆ ಸಾಕು. ನಮ್ಮ ನಾಡಿನಲ್ಲಿ ಒಬ್ಬ ಗಂಡಸು ತನ್ನ ಸೋಲನ್ನು ಹೇಳಿಕೊಳ್ಳುವಾಗ ಹದಿನಾಲ್ಕು ಜನ ಉಪದೇಶ ಮಾಡದೆ ಕೂರುವ ಜಾಗ ಇನ್ನೊಂದಿದ್ದರೆ ನಾನು ಕಂಡಿಲ್ಲ. ಕೊನೆಗೆ ಒಂದು ಬಟ್ಟೆಯ ಚೀಲ ಕೈಯಿಂದ ಕೈಗೆ ಹೋಗುತ್ತದೆ. ಹತ್ತು ರೂಪಾಯಿ ಹಾಕಿದವರೂ ಉಂಟು, ಬರಿಗೈ ಹಾಕಿ ತೆಗೆದವರೂ ಉಂಟು, ಯಾರೂ ನೋಡುವುದಿಲ್ಲ. ಶುಲ್ಕವಿಲ್ಲ, ಅರ್ಜಿಯಿಲ್ಲ, ಹೊರಗಿನವರ ದೇಣಿಗೆಯನ್ನು ಸಂಘ ಸ್ವೀಕರಿಸುವುದಿಲ್ಲ. ಕುಡಿತ ಬಿಡಬೇಕೆಂಬ ಆಸೆಯೊಂದಿದ್ದರೆ ಸದಸ್ಯತ್ವಕ್ಕೆ ಬೇರೆ ಅರ್ಹತೆ ಬೇಕಿಲ್ಲ.

ಎರಡನೆಯ ತಿಂಗಳಲ್ಲಿ ನಾನು ಮತ್ತೆ ಕುಡಿದೆ. ಮದುವೆಯೊಂದರಲ್ಲಿ ನೈಂಟಿಯಿಂದ ಶುರುವಾಗಿ ಮೂರು ದಿನ. ನಾಲ್ಕನೆಯ ಸಂಜೆ ಸಭೆಗೆ ಹೋಗಿ ಹಿಂದಿನ ಕುರ್ಚಿಯಲ್ಲಿ ಕೂತು, ಸರದಿ ಬಂದಾಗ ‘ಬಿದ್ದೆ’ ಎಂದೆ. ಒಂದು ಕ್ಷಣ ಸುಮ್ಮನಿದ್ದು ಸಭೆ ನಡೆಸುತ್ತಿದ್ದವರು ‘ಬಂದ್ರಲ್ಲ ಸರ್, ಒಳ್ಳೇದಾಯ್ತು’ ಎಂದರು, ಮುಂದಿನವರತ್ತ ತಿರುಗಿದರು. ಅಷ್ಟೇ. ಆ ಭಾನುವಾರದ ಹಾಲಿನಲ್ಲಿ ಎದ್ದು ನಿಂತಿದ್ದ ಹಿರಿಯರ ನೆನಪಾಯಿತು. ಅವರಿಗೆ ಈ ಕೋಣೆಯ ದಾರಿ ಯಾರೂ ತೋರಿಸಲಿಲ್ಲವಲ್ಲ ಎಂಬ ಸಂಕಟ ಇಂದಿಗೂ ಇದೆ. ಟೀ ಮತ್ತೆ ಅರ್ಧ ಲೋಟಕ್ಕೆ ಇಳಿದಿತ್ತು.

ದೇವರ ಪ್ರಶ್ನೆ ಅನೇಕರನ್ನು ತಡೆಯುತ್ತದೆ, ನನ್ನನ್ನೂ ತಡೆದಿತ್ತು. ಹನ್ನೆರಡು ಹೆಜ್ಜೆಗಳಲ್ಲಿ ದೇವರ ಮಾತು ಪದೇ ಪದೇ ಬರುತ್ತದೆ, ತಾನು ತಿಳಿದ ರೂಪದಲ್ಲಿ ಎಂಬ ವಿನಾಯಿತಿಯೊಂದಿಗೆ. ನನಗಿಂತ ಮಿಗಿಲಾದ ಶಕ್ತಿ ಎಂದರೆ ಯಾವುದನ್ನು ಇಟ್ಟುಕೊಳ್ಳಲಿ ಎಂದು ನನ್ನ ಸ್ಪಾನ್ಸರ್ ಅವರನ್ನು, ಅಂದರೆ ಹೆಜ್ಜೆಗಳಲ್ಲಿ ಕೈ ಹಿಡಿದು ನಡೆಸುವ ಹಳೆಯ ಸದಸ್ಯರನ್ನು, ಕೇಳಿದೆ. ಅವರು ಲಾರಿ ಗ್ಯಾರೇಜಿನಲ್ಲಿ ಫಿಟ್ಟರ್ ಆಗಿದ್ದವರು. ‘ಸದ್ಯಕ್ಕೆ ಈ ಹದಿನೈದು ಕುರ್ಚೀನೇ ಇಟ್ಕೊಳ್ಳಿ ಸರ್, ನೀವೊಬ್ಬರೇ ಮಾಡಕ್ಕಾಗದ್ದನ್ನ ಇವು ಮಾಡ್ತಾ ಇವೆಯಲ್ಲ’ ಎಂದರು. ನಾಸ್ತಿಕರಿಗೆ ಇದು ಸಾಕಾಗದಿರಬಹುದು. ಅಂಥವರಿಗೆ ದೇವರ ಮಾತಿಲ್ಲದೆ ಮನೋವಿಜ್ಞಾನದ ಅಭ್ಯಾಸಗಳ ಮೇಲೆ ನಡೆಯುವ ಸ್ಮಾರ್ಟ್ ರಿಕವರಿಯ ಆನ್‌ಲೈನ್ ಸಭೆಗಳಿವೆ.

ಸ್ಪಾನ್ಸರ್ ಎಂಬ ಈ ಏರ್ಪಾಡಿನ ಮೂಲ ಸಂಘದ ಹುಟ್ಟಿನಲ್ಲೇ ಇದೆ. 1935ರ ಮೇ ತಿಂಗಳಲ್ಲಿ ಅಮೆರಿಕದ ಆಕ್ರನ್ ಊರಿನ ಹೋಟೆಲೊಂದರಲ್ಲಿ, ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದ ಬಿಲ್ ವಿಲ್ಸನ್ ಎಂಬ ಷೇರು ವ್ಯವಹಾರದವರು, ಕೈಗೂಡದ ವ್ಯಾಪಾರದ ಬೇಸರದಲ್ಲಿ ಬಾರಿನತ್ತ ನೋಡುತ್ತ ನಿಂತಿದ್ದವರು, ಒಳಗೆ ಹೋಗುವ ಬದಲು ಮಾತಾಡಲು ಇನ್ನೊಬ್ಬ ಕುಡುಕ ಸಿಗಬಹುದೇ ಎಂದು ಫೋನ್ ಮಾಡುತ್ತ ಹೋದರು. ಸಿಕ್ಕವರು ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯ. ಆ ವೈದ್ಯರು ಕೊನೆಯ ಬಾರಿ ಕುಡಿದ 1935ರ ಜೂನ್ 10ನ್ನೇ ಸಂಘದ ಹುಟ್ಟುಹಬ್ಬವೆಂದು ಆಚರಿಸುತ್ತಾರೆ. ನನ್ನ ಮೊಬೈಲಿನಲ್ಲಿ ಈಗ ಹನ್ನೊಂದು ನಂಬರುಗಳಿವೆ. ರಾತ್ರಿ ಒಂದು ಗಂಟೆಗೆ ಕರೆ ಮಾಡಿದರೂ ಬೈಯದ ನಂಬರುಗಳು.

ಇದೊಂದೇ ದಾರಿಯೆಂದು ನಾನು ಹೇಳುವುದಿಲ್ಲ. ಹಳ್ಳಿಯಲ್ಲಿರುವವರಿಗೆ ಬಹುಶಃ ಇದಕ್ಕಿಂತ ಧರ್ಮಸ್ಥಳದ ಮಾದರಿ ಹೆಚ್ಚು ಒಗ್ಗುತ್ತದೆ. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಊರೂರಿನ ಸಮುದಾಯ ಭವನಗಳಲ್ಲಿ ಮದ್ಯವರ್ಜನ ಶಿಬಿರ ನಡೆಸುತ್ತಾರೆ; ಸುಮಾರು ಎಂಟು ದಿನ ಅಲ್ಲೇ ಊಟ, ನಿದ್ದೆ, ಯೋಗ, ಭಜನೆ, ಆಪ್ತಸಲಹೆ. ಶಿಬಿರ ಮುಗಿದವರು ನವಜೀವನ ಸಮಿತಿಯ ಹೆಸರಿನಲ್ಲಿ ತಮ್ಮ ತಮ್ಮ ಊರಿನಲ್ಲೇ ಸೇರುತ್ತಾರೆ. ಮಲೆನಾಡಿನ ಕಡೆ ಇರುವ ನನ್ನ ದೊಡ್ಡಪ್ಪನ ಮಗ ಹೀಗೆ ಬಿಟ್ಟವನು. ಅವನ ಸಮಿತಿಯ ಸಭೆಗೆ ಒಮ್ಮೆ ಹೋಗಿದ್ದೆ. ನಮ್ಮ ಕೋಣೆಗೂ ಅದಕ್ಕೂ ಇರುವ ವ್ಯತ್ಯಾಸ ನೋಡಿ ಬೆರಗಾದೆ: ಇಲ್ಲಿ ಎಲ್ಲವೂ ಗುಟ್ಟು, ಅಲ್ಲಿ ಎಲ್ಲವೂ ಬಯಲು. ಅವನು ಕುಡಿಯುತ್ತಿದ್ದದ್ದು ಇಡೀ ಊರಿಗೆ ಗೊತ್ತಿತ್ತು, ಹಾಗಾಗಿ ಬಿಟ್ಟದ್ದೂ ಊರಿಗೆ ಗೊತ್ತಾಗಬೇಕು. ನೂರು ದಿನ ತುಂಬಿದಾಗ ಶತದಿನೋತ್ಸವ ಮಾಡಿದರು. ಹೆಂಡತಿ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವನು ಮೈಕಿನಲ್ಲಿ ಮಾತಾಡಿದ. ಅಂಗಡಿಯ ಮುಂದೆ ಅವನು ನಿಂತರೆ ಈಗ ಊರೇ ಕೇಳುತ್ತದೆ. ಅವನಿಗೆ ಅದು ಕಾವಲು. ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಯವರ ಹೆಸರು ಗೊತ್ತಿಲ್ಲದ ನನಗೆ ಅದು ಆಗಿಬರುತ್ತಿರಲಿಲ್ಲ. ಭಜನೆ ಬಾರದವರು, ಬೇರೆ ಧರ್ಮದವರು ಮೊದಲೇ ವಿಚಾರಿಸಿ ಹೋಗುವುದು ಒಳ್ಳೆಯದು.

ಮನೆಯವರಿಗೆ ಬೇರೆಯದೇ ಗುಂಪಿದೆ, ಅಲ್‌ಅನಾನ್. ನನ್ನ ಹೆಂಡತಿ ಹೋಗಲು ಮೊದಲು ಒಪ್ಪಲಿಲ್ಲ. ‘ಕುಡಿದಿದ್ದು ನೀವು, ಕ್ಲಾಸಿಗೆ ನಾನು ಹೋಗ್ಬೇಕಾ ರೀ?’ ಎಂದಳು. ಪ್ರಶ್ನೆ ನ್ಯಾಯವಾದದ್ದೇ. ಹೋದ ಮೇಲೆ ಅವಳು ಮಾಡಿದ ಮೊದಲ ಕೆಲಸ ನನ್ನ ಬ್ಯಾಗು ಹುಡುಕುವುದನ್ನು ನಿಲ್ಲಿಸಿದ್ದು, ಎರಡನೆಯದು ನನ್ನ ಕಚೇರಿಗೆ ಫೋನ್ ಮಾಡಿ ಜ್ವರವೆಂದು ಸುಳ್ಳು ಹೇಳುವುದನ್ನು ನಿಲ್ಲಿಸಿದ್ದು. ಅಲ್ಲಿಗೆ ಬಂದ ಒಬ್ಬ ಮಹಿಳೆ ಗಂಡನಿಗೆ ತಿಳಿಯದಂತೆ ಸಾರಿನಲ್ಲಿ ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆ ಬೆರೆಸುತ್ತಿದ್ದರಂತೆ. ಇದು ನಮ್ಮಲ್ಲಿ ಇಂದಿಗೂ ನಡೆಯುವ ಅಪಾಯದ ಕೆಲಸ: ಆ ಮಾತ್ರೆಯ ಮೇಲೆ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಬರಬಹುದು, ತಾನು ಏನು ನುಂಗಿದ್ದೇನೆಂದು ಗೊತ್ತಿಲ್ಲದವನು ಎಚ್ಚರಿಕೆ ವಹಿಸುವುದಾದರೂ ಹೇಗೆ? ಗೊತ್ತಿದ್ದು, ಒಪ್ಪಿ, ವೈದ್ಯರ ಕಣ್ಣಳತೆಯಲ್ಲಿ ತೆಗೆದುಕೊಂಡವರಿಗೆ ಅದೇ ಮಾತ್ರೆ ನೆರವಾಗಿದೆ. ನಮ್ಮ ಗುಂಪಿನಲ್ಲಿ ಮಾತ್ರೆ ತೆಗೆದುಕೊಳ್ಳುವವರನ್ನು ಯಾರೂ ಕಡಿಮೆಯಾಗಿ ನೋಡುವುದಿಲ್ಲ. ಮಾತ್ರೆ ಬಿಟ್ಟು ಬಾ ಎನ್ನುವ ಗುಂಪು ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ.

ಕೊರತೆಗಳೂ ಇವೆ. ನಮ್ಮ ಸಭೆಯಲ್ಲಿ ಹೆಂಗಸರು ಅಪರೂಪ. ಮೂರು ವರ್ಷದಲ್ಲಿ ಇಬ್ಬರು ಬಂದರು, ಒಬ್ಬರು ಎರಡೇ ವಾರಕ್ಕೆ ನಿಲ್ಲಿಸಿದರು, ಹದಿಮೂರು ಗಂಡಸರ ಮುಂದೆ ಹೇಳಲಾಗದ್ದು ಅವರಿಗೆ ಇದ್ದಿರಬೇಕು. ಅಂಥ ಹೆಂಗಸರು ಮಹಿಳೆಯರಿಗಾಗಿಯೇ ನಡೆಯುವ ಸಭೆಯನ್ನು ಕೇಳಿ ಹುಡುಕುವುದು ಲೇಸು, ಆನ್‌ಲೈನ್‌ನಲ್ಲಾದರೂ ಸರಿ. ದುಬೈಯಲ್ಲೋ ಡಲ್ಲಾಸಿನಲ್ಲೋ ಇರುವ ಕನ್ನಡಿಗರಿಗೂ ಊರಿನ ಮಾತಿನಲ್ಲಿ ಹೇಳಿಕೊಳ್ಳಲು ಪರದೆಯ ಸಭೆಯೇ ಗತಿ, ಅಲ್ಲಿ ಟೀ ಇಲ್ಲ ಎಂಬುದನ್ನು ಬಿಟ್ಟರೆ ಅದೂ ಕೆಲಸ ಮಾಡುತ್ತದೆ. ಇನ್ನು ನಮ್ಮಲ್ಲಿ ಕೆಲವು ಹಳಬರು ಅದೇ ಕಥೆಯನ್ನು ಅದೇ ಮಾತಿನಲ್ಲಿ ನೂರನೆಯ ಸಲ ಹೇಳುತ್ತಾರೆ, ಎಲ್ಲಿ ನಿಟ್ಟುಸಿರು ಬರುತ್ತದೆಂದೂ ನನಗೆ ಬಾಯಿಪಾಠ. ಶಾಲೆಯ ಗೇಟಿನಿಂದ ಐವತ್ತು ಹೆಜ್ಜೆಗೆ ಒಂದು ಬಾರ್ ಇದೆ. ಮಳೆ ಬಂದರೆ ಕೋಣೆಯ ತಗಡು ಎಷ್ಟು ಸದ್ದು ಮಾಡುತ್ತದೆಂದರೆ ಶೇರಿಂಗ್ ನಿಲ್ಲಿಸಿ ಎಲ್ಲರೂ ಸುಮ್ಮನೆ ಕೂರಬೇಕಾಗುತ್ತದೆ, ಅದೇನೂ ಕೆಟ್ಟದ್ದಲ್ಲ.

ಹೊಸದಾಗಿ ಹೋಗುವವರು ಒಂದೇ ಸಭೆಗೆ ತೀರ್ಮಾನ ಕಟ್ಟಬಾರದು. ಒಂದೇ ಗುಂಪಿನಲ್ಲಿ ನಾಲ್ಕು ಸಲ ಕೂತು ನೋಡಿ, ಆ ನಾಲ್ಕರಲ್ಲಿ ಒಮ್ಮೆಯಾದರೂ ಯಾರಾದರೂ ಬಿದ್ದು ಬಂದಿರುತ್ತಾರೆ, ಅವರನ್ನು ಹೇಗೆ ಕೂರಿಸಿಕೊಳ್ಳುತ್ತಾರೆಂದು ಗಮನಿಸಿ. ಮನೆಯವರು ಜೊತೆಗೆ ಬರುವುದಾದರೆ ಅದು ಎಲ್ಲರಿಗೂ ತೆರೆದ ಸಭೆಯೋ, ಸದಸ್ಯರಿಗಷ್ಟೇ ಮೀಸಲೋ ಎಂದು ಮೊದಲೇ ಕೇಳಿಕೊಳ್ಳಿ. ಸಾಧ್ಯವಾದರೆ ಹತ್ತು ನಿಮಿಷ ಮುಂಚೆ ಹೋಗಿ. ಆ ಹೊತ್ತಿಗೆ ಇಬ್ಬರು ಮೂವರು ಬೆಂಚು ಸರಿಸುತ್ತ, ಕುರ್ಚಿ ಹಾಕುತ್ತ ಇರುತ್ತಾರೆ, ಹೆಸರು ಕೂಡ ಕೇಳದೆ ‘ಆ ಕಡೆ ಹಿಡ್ಕೊಳ್ಳಿ ಸರ್’ ಎನ್ನುತ್ತಾರೆ.